ಗಾಳಿಯ ಲೆಕ್ಕದಲ್ಲಿ ಬೆಟ್ಟದ ಪಾಲು

ಸಹ್ಯಾದ್ರಿಯ ನೆತ್ತಿಯಲ್ಲಿರುವ ಇಗತ್‌ಪುರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ. ಅದೇ ನಾಸಿಕ್ ಜಿಲ್ಲೆಯ ಈರುಳ್ಳಿ ಪೇಟೆ ಲಾಸಲಗಾಂವ್‌ನಲ್ಲಿ ಅದರ ಐದರಲ್ಲೊಂದು ಪಾಲು ಬಿದ್ದರೆ ಹೆಚ್ಚು. ನಡುವಿನ ನೇರ ದೂರ 100 ಕಿಲೋಮೀಟರೂ ಇಲ್ಲ. ಮುಂದಿನ ಶತಮಾನದ ಹವೆಯನ್ನು ಲೆಕ್ಕಹಾಕುವ ಜಾಗತಿಕ ಮಾದರಿಗಳಾದರೋ ಭೂಮಿಯನ್ನು ಹೆಚ್ಚುಕಡಿಮೆ ಅಷ್ಟೇ ಅಗಲದ ಚೌಕಗಳಾಗಿ ವಿಂಗಡಿಸಿಕೊಳ್ಳುತ್ತವೆ. ಒಂದು ಚೌಕಕ್ಕೆ ಒಂದೇ ಎತ್ತರ, ಒಂದೇ ಮಳೆ. ಘಟ್ಟವೂ ಬಯಲೂ ಅಲ್ಲಿ ಕಲೆತು, ಎರಡೂ ಅಲ್ಲದ ಒಂದು ಊರಾಗುತ್ತದೆ.

ಇದರಿಂದ ಲಾಸಲಗಾಂವ್‌ನ ರೈತನಿಗೆ ಸರಿಯಾದ ಉತ್ತರ ಸಿಗದೆಂಬುದು ಸ್ಪಷ್ಟ. ದೊಡ್ಡ ಗಾಳಿಯ ಲೆಕ್ಕವೂ ಕೆಡುತ್ತದೆಯೇ? ಕೆಡದು ಎಂಬುದೇ ರೂಢಿಯ ನಂಬಿಕೆ. ಮುಂಗಾರು ಖಂಡ ಸಾಗರಗಳ ವ್ಯವಹಾರ. ಜಾಗತಿಕ ಮಾದರಿ ಅದನ್ನು ನೋಡಿಕೊಳ್ಳಲಿ, ಜಿಲ್ಲೆಯ ವಿವರವನ್ನು, ಒಂದು ಪ್ರದೇಶವನ್ನಷ್ಟೇ ಸಣ್ಣ ಚೌಕಗಳಲ್ಲಿ ಲೆಕ್ಕಹಾಕುವ ಪ್ರಾದೇಶಿಕ ಮಾದರಿ ಆಮೇಲೆ ತುಂಬಲಿ. ವಿಧಾನ ಅಗ್ಗ, ಉಪಯುಕ್ತವೂ ಹೌದು. ಆದರೆ ಇಲ್ಲಿ ಮಾಹಿತಿ ಸಾಮಾನ್ಯವಾಗಿ ಒಂದೇ ಕಡೆ ಹರಿಯುತ್ತದೆ. ಜಾಗತಿಕ ಗಾಳಿ ಪ್ರಾದೇಶಿಕ ಮಾದರಿಯ ಅಂಚಿನಿಂದ ಒಳಬರುತ್ತದೆ. ಘಟ್ಟ ಆ ಗಾಳಿಗೆ ಏನು ಮಾಡಿತೆಂಬ ಸುದ್ದಿ ಹೊರಗೆ ಹೋಗುವುದಿಲ್ಲ.

ಘಟ್ಟ ಮಾಡುವುದು ಸಣ್ಣ ಕೆಲಸವಲ್ಲ. ಅರಬ್ಬಿ ಸಮುದ್ರದ ತೇವಗಾಳಿಯನ್ನು ಅದು ಮೇಲೆತ್ತುತ್ತದೆ. ಆವಿ ಹನಿಗಟ್ಟುವಾಗ ಗುಪ್ತೋಷ್ಣ ಹೊರಬೀಳುತ್ತದೆ, ಮುಂಗಾರಿನ ಗಾಳಿಗೆ ಬಲ ಕೊಡುವುದು ಆ ಶಾಖ. ಘಟ್ಟವನ್ನು ತಗ್ಗಿಸಿ ಹರಡಿದ ಮಾದರಿಯಲ್ಲಿ ಮಳೆಯ ಜೊತೆಗೆ ಶಾಖವೂ ಜಾಗ ತಪ್ಪುತ್ತದೆ.

ಬೆಟ್ಟ ದೊಡ್ಡ ಗಾಳಿಯ ಲೆಕ್ಕವನ್ನೇ ಬದಲಿಸುತ್ತದೆ ಎಂಬುದಕ್ಕೆ, ದೊಡ್ಡ ಬೆಟ್ಟಗಳ ವಿಷಯದಲ್ಲಿ ಗಟ್ಟಿ ಸಾಕ್ಷ್ಯವಿದೆ. 1975ರಲ್ಲಿ ಹವಾಮಾನ ವಿಜ್ಞಾನಿಗಳಾದ ಡಗ್ಲಸ್ ಹಾನ್ ಮತ್ತು ಸ್ಯುಕುರೊ ಮನಾಬೆ ತಮ್ಮ ಮಾದರಿಯಿಂದ ಬೆಟ್ಟಗಳನ್ನು ಅಳಿಸಿ ನೋಡಿದಾಗ, ಮುಂಗಾರಿನ ಕಡಿಮೆ ಒತ್ತಡದ ತಾಣ ದೂರದ ಈಶಾನ್ಯಕ್ಕೆ ಸರಿದುಹೋಯಿತು. 2010ರಲ್ಲಿ ವಿಲಿಯಂ ಬೂಸ್ ಮತ್ತು ಝಿಮಿಂಗ್ ಕುವಾಂಗ್ ಟಿಬೆಟ್ ಪ್ರಸ್ಥಭೂಮಿಯನ್ನು ತೆಗೆದು, ಹಿಮಾಲಯದ ಕಿರಿದಾದ ಸಾಲನ್ನಷ್ಟೇ ಉಳಿಸಿದರು. ಮುಂಗಾರು ಬಹುಮಟ್ಟಿಗೆ ಹಾಗೆಯೇ ನಿಂತಿತು. ಉತ್ತರದ ತಣ್ಣನೆಯ ಒಣಗಾಳಿಯನ್ನು ತಡೆಯಲು ಆ ತೆಳುಗೋಡೆಯೇ ಸಾಕಾಗಿತ್ತು. ಗೋಡೆ ಸವೆದರೆ ಏನಾಗುತ್ತದೆಂಬುದನ್ನು ಬೂಸ್ ಮತ್ತು ಜಾನ್ ಹರ್ಲಿ 2013ರಲ್ಲಿ ತೋರಿಸಿದರು: ಟಿಬೆಟ್‌ನ ಪಶ್ಚಿಮಕ್ಕಿರುವ ಬೆಟ್ಟಸಾಲುಗಳನ್ನು ಮಾದರಿಗಳು ನುಣುಪಾಗಿಸಿದ್ದರಿಂದ ಮರುಭೂಮಿಯ ಒಣಗಾಳಿ ಉತ್ತರ ಭಾರತಕ್ಕೆ ನುಸುಳಿ, ಲೆಕ್ಕದಲ್ಲಿ ಮುಂಗಾರು ಸೊರಗುತ್ತಿತ್ತು.

ಹಾಗೆಂದು ಚೌಕಗಳನ್ನು ಕಿರಿದು ಮಾಡುತ್ತ ಹೋದರೆ ಎಲ್ಲವೂ ಸರಿಹೋಗದು. ಚೌಕದ ಬದಿ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ. ಕಾಲದ ಹೆಜ್ಜೆಯನ್ನೂ ಅರ್ಧಕ್ಕಿಳಿಸಬೇಕು. ಕೆಲಸ ಎಂಟು ಪಟ್ಟು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ (ಐಐಟಿಎಂ) ರೂಪಿಸಿದ, 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 6 ಕಿಲೋಮೀಟರಿನ ಚೌಕಗಳಲ್ಲಿ ಲೆಕ್ಕಹಾಕುತ್ತದೆ. ಆದರೆ ಅದು ದಿನಗಳ ಮುನ್ಸೂಚನೆಗೆ. ನೂರು ವರ್ಷ ಓಡಿಸುವ ಖರ್ಚೇ ಬೇರೆ. ಇನ್ನೊಂದು ತೊಡಕೂ ಇದೆ. ತಗ್ಗಿದ ಬೆಟ್ಟದ ತಪ್ಪನ್ನು ಮೋಡಗಳನ್ನು ಅಂದಾಜಿಸುವ ಸೂತ್ರದ ತಪ್ಪು ಮುಚ್ಚಿರಬಹುದು. ಬೆಟ್ಟವನ್ನಷ್ಟೇ ತಿದ್ದಿದರೆ ಫಲಿತಾಂಶ ಮೊದಲಿಗಿಂತ ಕೆಡಲೂಬಹುದು.

ಆದ್ದರಿಂದ ವಿವರಗಳಲ್ಲಿ ಆಯ್ಕೆ ಬೇಕು. ಗಾಳಿಯಿಂದ ಪಡೆಯುವ, ಆದರೆ ಅದನ್ನು ಬದಲಿಸದ ವಿವರ, ಉದಾಹರಣೆಗೆ ಲಾಸಲಗಾಂವ್‌ನ ಒಂದು ಈರುಳ್ಳಿ ಹೊಲದ ತೇವ, ಪ್ರಾದೇಶಿಕ ಮಾದರಿಯಲ್ಲಿದ್ದರೆ ಸಾಕು. ಗಾಳಿಯನ್ನೇ ತಿರುಗಿಸುವ ಸಹ್ಯಾದ್ರಿ, ಹಿಂದೂಕುಶ್, ಪೂರ್ವ ಆಫ್ರಿಕದ ಮಲೆಗಳು ಜಾಗತಿಕ ಮಾದರಿಯ ಒಳಗೇ ತಕ್ಕ ಎತ್ತರದಲ್ಲಿ ಇರಬೇಕು. ಸಹ್ಯಾದ್ರಿಯ ತ್ರ್ಯಂಬಕದಲ್ಲಿ ಬೀಳುವ ಮಳೆ ಗೋದಾವರಿಯಾಗಿ ಮರಾಠವಾಡದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಜಾಯಕವಾಡಿ ಜಲಾಶಯವನ್ನು ಸೇರುತ್ತದೆ. ಆ ಮಳೆ ನಕ್ಷೆಯಲ್ಲಿ ಬಯಲಿಗೆ ಜಾರಿದರೆ ಮರಾಠವಾಡದ ನೀರಿನ ಲೆಕ್ಕವೂ ಜಾರುತ್ತದೆ.

ಜಿಲ್ಲಾ ಮಟ್ಟದ ಹವಾಮಾನ ಭವಿಷ್ಯವೆಂದು ಸೂಕ್ಷ್ಮ ನಕ್ಷೆಯೊಂದು ಕೃಷಿ ಇಲಾಖೆಯ ಮೇಜಿಗೆ ಬಂದಾಗ, ಚೌಕದ ಅಳತೆ ಕೇಳುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಇದಕ್ಕೆ ಗಾಳಿಯನ್ನು ಒದಗಿಸಿದ ಜಾಗತಿಕ ಮಾದರಿಯಲ್ಲಿ ಬೆಟ್ಟಗಳು ಎಷ್ಟು ಎತ್ತರ ಇದ್ದವು?