ವಿಮೆ ವೀಸಾಕ್ಕಷ್ಟೇ ಅಲ್ಲ

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ವಿದೇಶಿ ಶಿಕ್ಷಣ ಮೇಳ ನಡೆಯಿತು. ಐಇಎಲ್‌ಟಿಎಸ್, ಬ್ಯಾಂಕ್ ಸಾಲ, ವೀಸಾ ಸಂದರ್ಶನ ಎಲ್ಲಕ್ಕೂ ಒಂದೊಂದು ಮಳಿಗೆ. ‘ಅಲ್ಲಿ ಹೋದ ಮೇಲೆ ಹುಷಾರು ತಪ್ಪಿದರೆ ಏನು ಮಾಡಬೇಕು ಸರ್?’ ಎಂದು ಕೇಳಿದೆ. ‘ಇನ್ಶೂರೆನ್ಸ್ ಇರುತ್ತಲ್ಲಪ್ಪಾ’ ಎಂದು ಸಲಹೆಗಾರರು ನಕ್ಕು ಸುಮ್ಮನಾದರು.

ನನ್ನ ದೊಡ್ಡಮ್ಮನ ಮಗನಿಗೂ ಇನ್ಶೂರೆನ್ಸ್ ಇತ್ತು. ಎಂ.ಎಸ್. ಓದಲು ಜರ್ಮನಿಗೆ ಹೋದ ಮೊದಲ ಚಳಿಗಾಲದಲ್ಲೇ ಒಂದು ಶನಿವಾರ ರಾತ್ರಿ ವಿಪರೀತ ಜ್ವರ. ಊರಿನಲ್ಲಾಗಿದ್ದರೆ ಬೀದಿ ತುದಿಯ ಡಾಕ್ಟರ ಬಳಿ ಹೋಗುತ್ತಿದ್ದ. ಅಲ್ಲಿ ವಾರಾಂತ್ಯಕ್ಕೆ ಕ್ಲಿನಿಕ್‌ಗಳ ಬಾಗಿಲು ಮುಚ್ಚಿತ್ತು. ಎರಡು ದಿನ ಕೋಣೆಯಲ್ಲಿ ಒಬ್ಬನೇ ಮಲಗಿದ್ದ. ದೊಡ್ಡಮ್ಮ ಫೋನ್ ಮಾಡಿದಾಗ ‘ಚೆನ್ನಾಗಿದ್ದೀನಮ್ಮ’ ಎಂದನಂತೆ. ಜೀವಕ್ಕೆ ಅಪಾಯವಿದ್ದರೆ 112, ಕ್ಲಿನಿಕ್ ಮುಚ್ಚಿದ ವೇಳೆಯಲ್ಲಿ ವೈದ್ಯರು ಬೇಕಾದರೆ 116117 ಎಂಬುದು ಅವನಿಗೆ ಗೊತ್ತಾದದ್ದು ಆಮೇಲೆ. ವಿಮೆ ಇತ್ತು, ಬಳಸುವ ದಾರಿ ಗೊತ್ತಿರಲಿಲ್ಲ.

ನಮ್ಮ ತಪ್ಪು ಇರುವುದೇ ಇಲ್ಲಿ. ಅಲ್ಪಾವಧಿಯ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಫೈಲಿಗೊಂದು ಕಾಗದ ಎಂದು ಅದನ್ನು ಮಾಡಿಸುತ್ತೇವೆ. ಮೊದಲೇ ಇರುವ ಕಾಯಿಲೆಗೆ ಅನ್ವಯಿಸುತ್ತದೆಯೇ, ಬಿಲ್ ನಾವೇ ಮೊದಲು ಕಟ್ಟಬೇಕೇ ಎಂದು ಯಾರೂ ಓದುವುದಿಲ್ಲ. ಅಮ್ಮ ಬ್ಯಾಗಿಗೆ ತುಂಬುವ ಮಾತ್ರೆಗಳದ್ದೂ ಇದೇ ಕಥೆ. ಟ್ರಮಡಾಲ್, ಕೊಡೀನ್ ಇರುವ ಔಷಧಗಳು ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ವೈದ್ಯರ ಚೀಟಿ, ಮುಂಗಡ ಅನುಮತಿ ಇಲ್ಲದೆ ಒಯ್ದರೆ ಪೊಲೀಸ್ ಪ್ರಕರಣವೇ ಆಗಬಹುದು.

ಕೆಲಸ ಹುಡುಕುವವರಿಗೆ ಅಪಾಯ ಇನ್ನೂ ದೊಡ್ಡದು. ಥಾಯ್ಲೆಂಡ್‌ನಲ್ಲಿ ಐಟಿ ಕೆಲಸವೆಂದು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ ದುಡಿಸುವ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. ಕೊಲ್ಲಿ ರಾಷ್ಟ್ರಗಳಿಗಾಗಲಿ ಬೇರೆಡೆಗಾಗಲಿ ಹೊರಡುವ ಮುನ್ನ ಏಜೆಂಟ್ ನೋಂದಾಯಿತನೇ ಎಂದು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಅಲ್ಲಿ ಹೋಗಿ ಸಿಕ್ಕಿಹಾಕಿಕೊಂಡರೆ ‘ಮದದ್’ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಇಂಥ ವ್ಯವಸ್ಥೆಗಳಿವೆ ಎಂದು ನಮ್ಮ ತರಗತಿಯಲ್ಲಿ ಎಷ್ಟು ಜನರಿಗೆ ಗೊತ್ತು?

ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗ ಅಂತಿಮ ವರ್ಷದವರಿಗೆ ಒಂದು ಗಂಟೆ ಇದಕ್ಕಾಗಿ ಮೀಸಲಿಡಲಿ. ಹೊರದೇಶದಲ್ಲಿರುವ ಸೀನಿಯರ್‌ಗಳೇ ವಿಡಿಯೊ ಕರೆಯಲ್ಲಿ ಮಾತಾಡಲಿ. ಖರ್ಚೇನೂ ಇಲ್ಲ. ಅಷ್ಟರವರೆಗೆ ನಾವೇ ಒಂದು ಚೀಟಿ ಬರೆದಿಟ್ಟುಕೊಳ್ಳೋಣ: ತುರ್ತು ಸಂಖ್ಯೆ, ವಿಮೆಯ ಸಂಖ್ಯೆ, ಭಾರತೀಯ ರಾಯಭಾರ ಕಚೇರಿಯ ಫೋನ್, ರಕ್ತದ ಗುಂಪು, ಅಲರ್ಜಿ. ಅದರ ಒಂದು ಪ್ರತಿ ಪರ್ಸಿನಲ್ಲಿರಲಿ, ಇನ್ನೊಂದು ಮನೆಯವರ ಕೈಯಲ್ಲಿರಲಿ.