ಹಳೇ ಬಟ್ಟೆ, ಹೊಸ ಸ್ಟಾರ್ಟಪ್ಪು ಮತ್ತು ನಮ್ಮೂರ ಕೌದಿ

ಮೊನ್ನೆ ಗೆಳೆಯನೊಬ್ಬ ಒಂದು ವಿಡಿಯೋ ಕಳಿಸಿ "ನೋಡಲೇ, ಎಂಥಾ ಐಡಿಯಾ!" ಅಂತ ಬರೆದಿದ್ದ. ಹಳೇ ಬಟ್ಟೆ ಒಯ್ಯುವ ಸ್ಟಾರ್ಟಪ್ ಒಂದರ ಪ್ರಚಾರ ಅದು. ಮೊಬೈಲಲ್ಲಿ ಒತ್ತಿದರೆ ಹುಡುಗ ಮನೆಗೇ ಬರುತ್ತಾನೆ, ಚೀಲ ಒಯ್ಯುತ್ತಾನೆ, ನಿಮಗೊಂದು ಕೂಪನ್ ಬರುತ್ತದೆ. ಕೂಪನ್ ಯಾತಕ್ಕೆ ಅಂತೀರಿ? ಹೊಸ ಬಟ್ಟೆ ಕೊಳ್ಳೋದಕ್ಕೆ!

ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಯಾಕಂದ್ರೆ ಇಡೀ ವಿಡಿಯೋದಲ್ಲಿ ಆ ಚೀಲ ಕೊನೆಗೆ ಎಲ್ಲಿಗೆ ಹೋಗುತ್ತೆ ಅನ್ನೋದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

ಚೀಲ ಎಲ್ಲಿಗೆ ಹೋಗುತ್ತೆ ಅಂತ ನಾನು ಒಂದ್ಸಲ ಕಣ್ಣಾರೆ ನೋಡಿದ್ದೇನೆ. 2019ರ ಆಗಸ್ಟ್. ಕೃಷ್ಣೆ ಉಕ್ಕಿ ಜಮಖಂಡಿ ತಾಲೂಕಿನ ಹೊಳೆದಂಡೆ ಹಳ್ಳಿಗಳಿಗೆ ನೀರು ನುಗ್ಗಿತ್ತು. ಸಾವಳಗಿಯಿಂದ ನಾವು ನಾಲ್ಕು ಜನ ಒಂದು ಪರಿಹಾರ ಕೇಂದ್ರಕ್ಕೆ ರೊಟ್ಟಿ ಗಂಟು ಕಟ್ಟಿಕೊಂಡು ಹೋಗಿದ್ದೆವು. ಅಲ್ಲೊಂದು ಲಾರಿ ಬಂತು, ತುಂಬ ಬಟ್ಟೆ. ಬಿಚ್ಚಿ ನೋಡಿದರೆ ಜಿಪ್ ಕಿತ್ತ ಪ್ಯಾಂಟು, ಮಿಂಚು ಹಚ್ಚಿದ ಪಾರ್ಟಿ ಡ್ರೆಸ್ಸು, ಬಗಲಲ್ಲಿ ಹರಿದ ಟೀ ಶರ್ಟು. ಮನೆ ಕಳಕೊಂಡ ಹೆಣ್ಣುಮಗಳೊಬ್ಬಳು ಒಂದನ್ನು ಎತ್ತಿ ನೋಡಿ, ಹಂಗೇ ಮಡಚಿಟ್ಟು, "ನಮ್ಮ ಮನಿ ಹೋಗೇತ್ರಿ, ಮಾನ ಹೋಗಿಲ್ಲ" ಅಂದಳು. ಮುಂದಿನ ವಾರ ಆ ರಾಶಿ ರಸ್ತೆ ಬದಿಯಲ್ಲಿ ಮಳೆಗೆ ನೆನೆಯುತ್ತಾ ಬಿದ್ದಿತ್ತು. ಕಳಿಸಿದವರಿಗೆ ಪುಣ್ಯ ಬಂತು, ಕಸ ನಮಗೆ ಬಂತು.

ಹಾಗಂತ "ನಮ್ಮ ಕಾಲದ ಕೌದಿಯೇ ಶ್ರೇಷ್ಠ" ಅಂತ ಭಾಷಣ ಬಿಗಿಯೋಕೆ ನಾನು ಬಂದಿಲ್ಲ. ಬಟ್ಟೆ ದುಬಾರಿಯಾಗಿತ್ತು, ವರ್ಷಕ್ಕೆ ಎರಡು ಜೊತೆ ಬಂದರೆ ಹೆಚ್ಚು. ಅದಕ್ಕೇ ಕೌದಿ ಇತ್ತು. ಆದರೆ ನಮ್ಮಮ್ಮ ಕೌದಿಗೆ ಕೂರುವಾಗ ಮೊದಲು ಮಾಡುತ್ತಿದ್ದ ಕೆಲಸ ನೆನಪಿದೆ. ಒಂದೊಂದು ಬಟ್ಟೆಯನ್ನೂ ಹೆಬ್ಬೆರಳಿಗೆ ತಿಕ್ಕಿ ನೋಡೋದು. "ಇದು ಅರಿವಿ, ಇರಲಿ. ಇದು ಬ್ಯಾಡ, ಜಾರತೈತಿ." ಜಾರುವುದು ಅಂದರೆ ಪಾಲಿಯೆಸ್ಟರ್. ಬೆವರು ಹೀರಲ್ಲ, ಕೌದಿಗೆ ಬರಲ್ಲ.

ಇವತ್ತು ಲೋಕದ ದೊಡ್ಡ ದೊಡ್ಡ ಕಂಪನಿಗಳು ಒದ್ದಾಡುತ್ತಿರೋದೂ ಆ ಹೆಬ್ಬೆರಳ ಕೆಲಸಕ್ಕೇ! ಬಟ್ಟೆ ಮೇಲೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಹತ್ತಿ ಯಾವುದು ಪಾಲಿಯೆಸ್ಟರ್ ಯಾವುದು ಅಂತ ಬೇರ್ಪಡಿಸುವ ಯಂತ್ರಗಳು ಬಂದಿವೆ. ಒಳ್ಳೇದೇ. ಆದರೆ ಬೆಳಕು ನೋಡೋದು ಮೇಲ್ಪದರ ಮಾತ್ರ. ಗುಂಡಿ, ಜಿಪ್ಪು ಕೀಳಬೇಕು. ಹತ್ತಿಯ ಜೊತೆ ಪಾಲಿಯೆಸ್ಟರ್, ಅದರ ಜೊತೆ ಎಳೆದರೆ ಹಿಗ್ಗುವ ಎಲಾಸ್ಟೇನ್ ಬೆರೆತಿದ್ದರೆ ಇನ್ನೂ ಕಷ್ಟ. ಯಂತ್ರದಲ್ಲಿ ಹಿಂಜಿದರೆ ಎಳೆ ಗಿಡ್ಡವಾಗುತ್ತೆ, ಹೊಸ ಹತ್ತಿ ಬೆರೆಸದೆ ಒಳ್ಳೆ ನೂಲಾಗಲ್ಲ. ಪಾಣಿಪತ್‌ನಲ್ಲಿ ಹಳೇ ಉಣ್ಣೆ ಬಟ್ಟೆ ಕಂಬಳಿಯಾಗೋದು ಈ ದಾರಿಯಲ್ಲೇ. ಎಲೆನ್ ಮೆಕಾರ್ಥರ್ ಫೌಂಡೇಶನ್ 2017ರಲ್ಲಿ ಹೇಳಿದ ಲೆಕ್ಕದಂತೆ ಬಟ್ಟೆಗೆ ಬಳಸಿದ ವಸ್ತುವಿನಲ್ಲಿ ಮತ್ತೆ ಬಟ್ಟೆಯಾಗೋದು ನೂರಕ್ಕೆ 1ಕ್ಕಿಂತ ಕಡಿಮೆ!

ಇನ್ನು ಅಂಗಡಿಯಲ್ಲಿ 'ಮರುಬಳಕೆಯ ಪಾಲಿಯೆಸ್ಟರ್' ಅಂತ ಹಸಿರು ಚೀಟಿ ನೇತಾಡುತ್ತಿರುತ್ತೆ, ನೋಡಿರಬಹುದು. ಅದು ಬಹುಪಾಲು ಹಳೇ ಅಂಗಿಯಿಂದ ಬಂದಿದ್ದಲ್ಲ ಸ್ವಾಮಿ, ನೀರಿನ ಬಾಟಲಿಯಿಂದ. ಬಾಟಲಿ ಮತ್ತೆ ಬಾಟಲಿಯಾಗಬಹುದಿತ್ತು. ಅಂಗಿಯಾದ ಮೇಲೆ ಹೆಚ್ಚಿನದಕ್ಕೆ ಮುಂದಿನ ದಾರಿ ತಿಪ್ಪೆಯೇ.

ತಂತ್ರಜ್ಞಾನ ಬಂದರೆ ಎಲ್ಲ ಸರಿಹೋಗುತ್ತೆ ಅನ್ನೋರು ಸ್ವೀಡನ್ನಿನ ರಿನ್ಯೂಸೆಲ್ ಕಥೆ ಓದಬೇಕು. ಹಳೇ ಹತ್ತಿ ಬಟ್ಟೆ ಕರಗಿಸಿ ಹೊಸ ಎಳೆಗೆ ಬೇಕಾದ ತಿರುಳು ಮಾಡುವ ಕಂಪನಿ. 2022ರಲ್ಲಿ ಸುಂಡ್ಸ್‌ವಾಲ್‌ನಲ್ಲಿ ದೊಡ್ಡ ಕಾರ್ಖಾನೆ ತೆರೆಯಿತು. 2024ರ ಫೆಬ್ರವರಿಯಲ್ಲಿ ದಿವಾಳಿ! ಆಮೇಲೆ ಬೇರೆಯವರು ಕೊಂಡು ಸರ್ಕ್ಯುಲೋಸ್ ಅಂತ ಹೆಸರಿಟ್ಟರು. ಯಂತ್ರ ಕೆಟ್ಟಿದ್ದರಿಂದ ಮುಳುಗಿದ್ದಲ್ಲ. ಹೊಗಳಿದಷ್ಟು ಜನ ಮಾಲು ಕೊಳ್ಳಲಿಲ್ಲ, ಅಷ್ಟೇ.

ಅದಕ್ಕೇ ನನ್ನ ವಾದ ಇದು. ಸ್ಟಾರ್ಟಪ್ ಬೇಡ ಅನ್ನಲ್ಲ. ಬೆಂಗಳೂರಿನಲ್ಲಿ ಹಸಿರು ದಳ, ಸಾಹಸ್ ಝೀರೋ ವೇಸ್ಟ್‌ನಂಥವು ಬಟ್ಟೆ ಕಸವನ್ನೂ ಕೈಗೆತ್ತಿಕೊಂಡಿವೆ. ಅವರು ಮೊದಲು ಹಿಡಿದದ್ದು ವಿಂಗಡಿಸುವ ಕೆಲಸ, ಕೂಪನ್ ಅಲ್ಲ. ಬೇಕಾಗಿರೋದು ಮೂರು.

ಒಂದು, ವಿಂಗಡಿಸುವ ಕೈಗೆ ಕೂಲಿ. ಪಾತ್ರೆ ಹೊತ್ತು ಬಂದು ಹಳೇ ಬಟ್ಟೆ ಒಯ್ಯುವ ಹೆಂಗಸರು, ಚಿಂದಿ ಆಯುವವರು, ಇವರಿಗೆ ಯಾವ ಬಟ್ಟೆ ಎಷ್ಟಕ್ಕೆ ಹೋಗುತ್ತೆ ಅನ್ನೋದು ಆ್ಯಪ್ ಬರೆದ ಹುಡುಗರಿಗಿಂತ ಚೆನ್ನಾಗಿ ಗೊತ್ತು. ಅವರನ್ನು ಬಿಟ್ಟು ಕಟ್ಟಿದ ಕಂಪನಿ ಅವರ ಹೊಟ್ಟೆ ಮೇಲೆ ಹೊಡೆದ ಹಾಗೆ.

ಎರಡು, ಕೊಳ್ಳುವವರು. ರಬಕವಿ-ಬನಹಟ್ಟಿಯಲ್ಲಿ ಮಗ್ಗ ಇವೆ, ನೇಯುವ ಕೈ ಇವೆ, ಇಲ್ಲದಿರೋದು ಗ್ಯಾರಂಟಿ ಆರ್ಡರು. ಮರುಬಳಕೆಯ ದಪ್ಪ ನೂಲಿನಲ್ಲಿ ಹೊದಿಕೆ, ಜಮಖಾನ ನೇಯಬಹುದು. ಕೈಮಗ್ಗ ಅಭಿವೃದ್ಧಿ ನಿಗಮದಿಂದ ಸರ್ಕಾರ ಶಾಲಾ ಸಮವಸ್ತ್ರದ ಬಟ್ಟೆ ಕೊಂಡಿದೆ ಅಲ್ವಾ? ಹಾಗೇ ಹಾಸ್ಟೆಲ್ಲಿಗೆ, ಆಸ್ಪತ್ರೆಗೆ ಈ ಹೊದಿಕೆಗಳನ್ನೂ ಕೊಳ್ಳಲಿ.

ಮೂರು, ಮಾರಿದವರ ಹೊಣೆ. ಚಿಪ್ಸ್ ಪ್ಯಾಕೆಟ್ ಮಾರಿದ ಕಂಪನಿಗೆ ಆ ಪ್ಲಾಸ್ಟಿಕ್ಕಿನ ಹೊಣೆ ನಮ್ಮ ಕಾನೂನಿನಲ್ಲೇ ಇದೆ. ಪಾಲಿಯೆಸ್ಟರ್ ಅಂಗಿಯೂ ಪ್ಲಾಸ್ಟಿಕ್ಕೇ, ಅದನ್ನು ಮಾರಿದವನಿಗೂ ಅದೇ ನಿಯಮ ಬರಲಿ. ಫ್ರಾನ್ಸ್ ಬಟ್ಟೆ ಕಂಪನಿಗಳಿಗೆ 2007ರಲ್ಲೇ ಈ ಕಾನೂನು ತಂದಿತು. ಯುರೋಪ್ ಒಕ್ಕೂಟದಲ್ಲಿ 2025ರ ಜನವರಿಯಿಂದ ಬಟ್ಟೆ ಕಸವನ್ನು ಬೇರೆಯಾಗಿಯೇ ಸಂಗ್ರಹಿಸಬೇಕು. ಆದರೆ ಹೀಗೆ ಸಂಗ್ರಹಿಸಿದ್ದು ಹಡಗು ಹತ್ತಿ ನಮ್ಮಂಥ ದೇಶಗಳ ದಾರಿ ಹಿಡಿದರೆ ಅದೂ ಆ ಲಾರಿಯ ಕಥೆಯೇ.

ಗೆಳೆಯರೇ, ಇಂಥ ಸ್ಟಾರ್ಟಪ್ಪೊಂದನ್ನು ಹೊಗಳಿ ಬರೆಯೋ ಮುಂಚೆ ಇಷ್ಟು ಕೇಳಿ ನೋಡಿ. ಚೀಲ ಎಲ್ಲಿಗೆ ಹೋಗುತ್ತೆ? ವಿಂಗಡಿಸಿದವರಿಗೆ ಎಷ್ಟು ಕೊಡ್ತೀರಿ? ಜಾರುವ ಬಟ್ಟೆ ಏನು ಮಾಡ್ತೀರಿ? ಉತ್ತರ ಬಂದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ. ಗೆಳೆಯನಿಗೂ ಇದನ್ನೇ ಬರೆದು ಕಳಿಸಿದೆ. "ನಿಂದು ಯಾವಾಗಲೂ ಕೊಂಕು" ಅಂದ.

ಕೊಂಕೋ ಅಲ್ಲವೋ ನೀವೇ ಹೇಳಿ. ನನ್ನ ಚೀಲ ಮಾತ್ರ ಇನ್ನೂ ಅಟ್ಟದ ಮೇಲೇ ಇದೆ.