ತಡೆಹಿಡಿದ ಹಣಕ್ಕೂ ಲೆಕ್ಕ ಬೇಕು



ನಮ್ಮ ಕರಜಗಿ ಭಾಗದ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಅರ್ಧಕ್ಕೆ ನಿಂತ ಕಾಮಗಾರಿಯ ಮಾತು ಬಂದೇ ಬರುತ್ತದೆ. "ಬಿಲ್ ತಡದಾರಂತ" ಎಂಬ ಒಂದು ಮಾತಿಗೆ ಎರಡು ತೀರ್ಪುಗಳು ಸಿದ್ಧವಾಗಿರುತ್ತವೆ. ಗುತ್ತಿಗೆದಾರ ಕಳ್ಳ ಎನ್ನುವವರು ಕೆಲವರು, ಅಧಿಕಾರಿ ಕೈ ಚಾಚಿದ್ದಾನೆ ಎನ್ನುವವರು ಕೆಲವರು. ಸರ್ಕಾರಿ ಎಂಜಿನಿಯರನಾಗಿ ವರ್ಷಗಟ್ಟಲೆ ಅಳತೆ ಪುಸ್ತಕ ಬರೆದ ನನಗೆ ಈ ಎರಡೂ ಅವಸರದ ತೀರ್ಪುಗಳೆನಿಸುತ್ತವೆ. ಹಣ ತಡೆಹಿಡಿಯುವುದೇ ತಪ್ಪಲ್ಲ. ಕಾರಣ ಬರೆಯದೆ, ಮಿತಿ ಹೇಳದೆ, ಗಡುವು ಇಡದೆ ತಡೆಹಿಡಿಯುವುದು ತಪ್ಪು.

ಗುತ್ತಿಗೆದಾರನ ಬಿಲ್ಲಿನಿಂದ ಮೂರು ಬಗೆಯಲ್ಲಿ ಹಣ ನಿಲ್ಲುತ್ತದೆ. ಮೊದಲನೆಯದು ಕಾನೂನಿನ ಕಡಿತ. ಆದಾಯ ತೆರಿಗೆ ವ್ಯಕ್ತಿಗಳಿಗೆ ಶೇ 1, ಸಂಸ್ಥೆಗಳಿಗೆ ಶೇ 2; ಗುತ್ತಿಗೆ ಎರಡೂವರೆ ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ಶೇ 2; ಕಟ್ಟಡ ಕಾರ್ಮಿಕರ ಸೆಸ್ ಶೇ 1; ಜೊತೆಗೆ ಮರಳು, ಜಲ್ಲಿಯ ರಾಜಧನ. ಇಲ್ಲಿ ಯಾರ ಇಚ್ಛೆಗೂ ಜಾಗವಿಲ್ಲ.

ಎರಡನೆಯದು ಭದ್ರತೆಯ ಹಣ. ಟೆಂಡರಿನಲ್ಲಿ ಬರೆದ ಪಾಲನ್ನು ಬಿಲ್ಲಿನಲ್ಲಿ ಹಿಡಿದಿಟ್ಟುಕೊಂಡು, ಕರಾರಿನಂತೆ ದೋಷ ಹೊಣೆಯ ಅವಧಿ ಮುಗಿದ ಮೇಲೆ ಮರಳಿಸಬೇಕು. ನಮ್ಮ ನೆಲವನ್ನು ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮಾರ್ಚಿನಲ್ಲಿ ಕನ್ನಡಿಯಂತಿದ್ದ ರಸ್ತೆಯ ನಿಜಬಣ್ಣ ತಿಳಿಯಲು ಒಂದು ಮಳೆಗಾಲ ದಾಟಲೇಬೇಕು.

ಮೂರನೆಯದು ಕೆಲಸದಲ್ಲಿ ಕೊರತೆ ಕಂಡಾಗ ಅಧಿಕಾರಿ ತಡೆಹಿಡಿಯುವ ಹಣ. ಒಳ್ಳೆಯದೂ ಕೆಟ್ಟದ್ದೂ ನಡೆಯುವುದು ಇಲ್ಲೇ. ಉದಾಹರಣೆಗೆ, 20 ಲಕ್ಷದ ಕಿರುಸೇತುವೆಯ ತಡೆಗೋಡೆಯಲ್ಲಿ ಬಿರುಕು ಬಂದಿದೆ, ದುರಸ್ತಿಗೆ 50 ಸಾವಿರ ಬೇಕು ಎಂದಿಟ್ಟುಕೊಳ್ಳಿ. ಆ ದುರಸ್ತಿಗೆ ತಕ್ಕಷ್ಟು ಹಣ ಹಿಡಿಯುವುದು ಎಂಜಿನಿಯರನ ಕರ್ತವ್ಯ. 20 ಲಕ್ಷವನ್ನೂ ಹಿಡಿದು ಕಡತವನ್ನು ಕಪಾಟಿಗೆ ಸೇರಿಸಿದರೆ ಅದು ಗುಣಮಟ್ಟದ ಕಾವಲಾಗುವುದಿಲ್ಲ, ಚೌಕಾಶಿಯ ಬಾಗಿಲಾಗುತ್ತದೆ.

ನ್ಯಾಯಾಲಯವೂ ಇಲ್ಲಿ ಒಂದು ಗೆರೆ ಎಳೆದಿದೆ. ಕರಾರಿನಲ್ಲಿ ಷರತ್ತು ಇದ್ದರೆ ಇಲಾಖೆ ಹಣ ತಡೆಹಿಡಿಯಬಹುದೆಂದು ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿತು. ಆದರೆ 1987ರಲ್ಲಿ, ತೀರ್ಥಹಳ್ಳಿಯ ರಾಮೇಶ್ವರ ರೈಸ್ ಮಿಲ್ಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ, ಕರಾರು ಮುರಿದಿದೆಯೇ ಎಂಬುದೇ ವಿವಾದವಾಗಿರುವಾಗ ಕರಾರಿನ ಒಂದು ಪಕ್ಷವಾದ ಸರ್ಕಾರವೇ ನ್ಯಾಯಾಧೀಶನಾಗಿ ನಷ್ಟ ಕಟ್ಟುವಂತಿಲ್ಲ ಎಂದಿತು. ಅದು ಭತ್ತದ ಗಿರಣಿಯ ಮೊಕದ್ದಮೆ. ಅದರ ನೀತಿ ರಸ್ತೆ, ಸೇತುವೆಗೂ ಒಪ್ಪುತ್ತದೆ. ತಡೆಹಿಡಿಯುವುದು ಬೇರೆ, ದಕ್ಕಿಸಿಕೊಳ್ಳುವುದು ಬೇರೆ.

ಈ ಗೆರೆ ಮಸುಕಾದಾಗ ಏನಾಗುತ್ತದೆಂದು ನಾಡು ಕಂಡಿದೆ. ಕಾಮಗಾರಿಗಳಲ್ಲಿ ಶೇ 40ರಷ್ಟು ಕಮಿಷನ್ ಕೇಳುತ್ತಾರೆಂದು ರಾಜ್ಯ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆಯಿತು. ಹಿಂಡಲಗಾ ಗ್ರಾಮದ ಕಾಮಗಾರಿಯ ಹಣಕ್ಕಾಗಿ ಅಲೆದ ಬೆಳಗಾವಿಯ ಗುತ್ತಿಗೆದಾರರೊಬ್ಬರು 2022ರ ಏಪ್ರಿಲ್‌ನಲ್ಲಿ ಉಡುಪಿಯಲ್ಲಿ ಪ್ರಾಣ ಕಳೆದುಕೊಂಡರು. ಅಲ್ಲಿ ಕಾರ್ಯಾದೇಶವಿತ್ತೇ ಎಂಬುದೇ ದೊಡ್ಡ ಪ್ರಶ್ನೆಯಾಯಿತು. 2023ರ ಮೇ ತಿಂಗಳಲ್ಲಿ ಹೊಸ ಸರ್ಕಾರ ಹಿಂದಿನ ಅವಧಿಯ ಕಾಮಗಾರಿಗಳ ಹಣ ಬಿಡುಗಡೆಗೆ ತಡೆ ಹಾಕಿ, ಆಮೇಲೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ನೇಮಿಸಿತು. ಅದರ ವರದಿ ಸರ್ಕಾರದ ಕೈ ಸೇರಿದ್ದು 2025ರ ಮಾರ್ಚ್‌ನಲ್ಲಿ. ತನಿಖೆ ಬೇಕೇ ಬೇಕು. ಆದರೆ ಎಲ್ಲರ ಹಣವನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರೆ ಪ್ರಭಾವವುಳ್ಳವನು ಹೇಗೋ ಬಿಡಿಸಿಕೊಳ್ಳುತ್ತಾನೆ, ಪ್ರಾಮಾಣಿಕನಾದ ಸಣ್ಣ ಗುತ್ತಿಗೆದಾರ ಬಡ್ಡಿಯಲ್ಲಿ ಮುಳುಗುತ್ತಾನೆ.

ಅವನಿಗಿಂತ ಮೊದಲು ಮುಳುಗುವವನು ಕೂಲಿಕಾರ. "ಬಿಲ್ ಆಗಿಲ್ಲ" ಎಂಬ ಮಾತು ಗೌಂಡಿಯ ಮನೆಯ ಒಲೆಗೆ ತಿಳಿಯುವುದಿಲ್ಲ. ಎರಡು ವಾರ ಕಾದು ಅವನು ಪುಣೆಯ ಬಸ್ಸು ಹತ್ತುತ್ತಾನೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿದ ಇಲಾಖೆಯೇ ಕೊಟ್ಟು, ಅದನ್ನು ಅವನ ಬಿಲ್ಲಿನಲ್ಲಿ ವಸೂಲಿ ಮಾಡಬೇಕೆಂಬ ನಿಯಮವನ್ನು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹಾಕಿಕೊಟ್ಟಿತ್ತು. ತಡೆಹಿಡಿಯುವ ಅಧಿಕಾರದ ಅತ್ಯುತ್ತಮ ಬಳಕೆ ಇದು. ಇದಕ್ಕಾಗಿ ಹಣ ಹಿಡಿದ ಅಧಿಕಾರಿಗಳು ಬಲು ವಿರಳ.

ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಗಂಡನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಮಗೆಲ್ಲ ಗೊತ್ತು. ದುಡಿಮೆಗಿಂತ ಒಂದು ಕಾಳು ಹೆಚ್ಚು ಬೇಡ ಎಂಬುದು ಅವಳ ನಿಷ್ಠೆ. ದುಡಿದವನಿಗೆ ಒಂದು ಕಾಳು ಕಡಿಮೆಯೂ ಆಗಬಾರದು ಎಂಬುದು ದುಡಿಸಿಕೊಂಡವರ ನಿಷ್ಠೆಯಾಗಬೇಕು.

ನಿಮ್ಮೂರಿನಲ್ಲಿ ಕೆಲಸ ನಿಂತಿದ್ದರೆ ಕಟ್ಟೆಯ ತೀರ್ಪು ಬಿಟ್ಟು ಮೂರು ಪ್ರಶ್ನೆ ಕೇಳಿ. ಎಷ್ಟು ಹಣ ತಡೆದಿದ್ದೀರಿ? ಯಾವ ದೋಷಕ್ಕೆ, ಅದನ್ನು ಎಲ್ಲಿ ಬರೆದಿದ್ದೀರಿ? ಏನು ಸರಿಪಡಿಸಿದರೆ, ಯಾವ ದಿನದೊಳಗೆ ಬಿಡುತ್ತೀರಿ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಬರಬೇಕು. ಅಳತೆ ಪುಸ್ತಕದ ನಕಲನ್ನೂ ಕೇಳಬಹುದು. ಸರಿಯಾಗಿ ತಡೆದ ಅಧಿಕಾರಿಗೆ ಈ ಪ್ರಶ್ನೆಗಳಿಂದ ಬಲ ಬರುತ್ತದೆ. ಸುಮ್ಮನೆ ತಡೆದವನಿಗೆ ನಿದ್ದೆ ಕೆಡುತ್ತದೆ.

ಕೊನೆಯದಾಗಿ ನಮ್ಮ ಮನೆಯ ಮಾತು. ಸಮುದಾಯ ಭವನ, ದಾಸೋಹ ಭವನ, ವಸತಿ ನಿಲಯ ಎಂದು ಮಠಗಳೂ ಸಮಿತಿಗಳೂ ಕಟ್ಟಿಸುತ್ತಲೇ ಇರುತ್ತವೆ. ಬಾಕಿ ಕೇಳಲು ಬಂದ ಗೌಂಡಿಗೆ "ಮಠದ ಕೆಲಸ ಅಲ್ಲೇನು, ಸೇವಾ ಅಂತ ತಿಳ್ಕೋ" ಎನ್ನುವ ಧ್ವನಿಗಳನ್ನು ನಾನು ಕೇಳಿದ್ದೇನೆ. ಅದು ದಾಸೋಹವಲ್ಲ. ದಾಸೋಹ ಕೊಡುವವನ ಮನಸ್ಸಿನಿಂದ ಬರಬೇಕು, ಅವನ ಕೂಲಿಯಿಂದ ಕಿತ್ತುಕೊಳ್ಳುವಂಥದ್ದಲ್ಲ. ಕರಾರನ್ನು ಬರೆದುಕೊಳ್ಳಿ, ಅಳತೆ ಹಿಡಿಯಿರಿ, ದೋಷವಿದ್ದರೆ ತೋರಿಸಿ ತಕ್ಕಷ್ಟು ಹಿಡಿಯಿರಿ, ಉಳಿದದ್ದನ್ನು ಹೇಳಿದ ದಿನ ಕೊಟ್ಟುಬಿಡಿ. ಸರ್ಕಾರವನ್ನು ಪ್ರಶ್ನಿಸುವ ಮೊದಲು ನಮ್ಮ ಸಮಿತಿಗಳ ಬಾಕಿ ಪುಸ್ತಕ ತೆರೆಯೋಣ.